ಗಿರಾಕಿಯ ಲೋಟದ ನೀರು: ಆರ್.ಒ. ಯಂತ್ರ ಬೇಕೇ, ಬೇಡವೇ?



ನಮ್ಮ ಧಂದೆಯಲ್ಲಿ ಗಿರಾಕಿ ಬಂದು ಕುಳಿತ ಕೂಡಲೇ ಅವನ ಮುಂದೆ ಇಡುವುದು ನೀರಿನ ಲೋಟ. ಮೆನು ಆಮೇಲೆ, ಬಿಲ್ಲು ಎಲ್ಲಕ್ಕಿಂತ ಕೊನೆಗೆ. ದುಡ್ಡು ಪಡೆಯದೆ ಕೊಡುವ ವಸ್ತು ಅದೊಂದೇ. ಆದರೆ ಹೋಟೆಲಿನ ಹೆಸರು ಕೆಡಿಸಲು ಆ ಒಂದು ಲೋಟ ಸಾಕು. ಇಡ್ಲಿ ಗಟ್ಟಿಯಾದರೆ ಗಿರಾಕಿ ಮರುದಿನ ಮರೆಯುತ್ತಾನೆ. ನೀರು ಕುಡಿದು ಕಾಮಾಲೆ ಬಂದರೆ ಅವನಷ್ಟೇ ಅಲ್ಲ, ಅವನ ಇಡೀ ಚಾಳು ನಮ್ಮ ಮೆಟ್ಟಿಲು ಹತ್ತುವುದಿಲ್ಲ.

ಈಗೀಗ ನೀರು ಶುದ್ಧ ಮಾಡುವ ಯಂತ್ರ ಮಾರುವವರು ವಾರಕ್ಕೊಬ್ಬರಂತೆ ಗಲ್ಲಾದ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬ ಆರ್.ಒ. ಹಾಕಿಸಿ ಎನ್ನುತ್ತಾನೆ. ಇನ್ನೊಬ್ಬ, ಆರ್.ಒ. ನೀರಿನಲ್ಲಿ ಖನಿಜವೇ ಇಲ್ಲ, ಮೂಳೆ ಸವೆಯುತ್ತದೆ, ನಮ್ಮ ಮಿನರಲ್ ಯಂತ್ರ ಹಾಕಿಸಿ ಎನ್ನುತ್ತಾನೆ. ಮೂರನೆಯವನು 20 ಲೀಟರಿನ ಜಾರ್ ತಂದಿಡುತ್ತಾನೆ. ಸದಸ್ಯ ಬಾಂಧವರಲ್ಲಿ ಹಲವರು ಈ ಬಗ್ಗೆ ನಮ್ಮನ್ನು ಕೇಳುತ್ತಿರುತ್ತಾರೆ. ನಾವು ಕಲಿತದ್ದು ಹತ್ತನೇ ಇಯತ್ತೆಯವರೆಗೆ ಮಾತ್ರ. ಆದರೂ ಪರೇಲಿನಲ್ಲಿ ಇಷ್ಟು ವರ್ಷ ಹೋಟೆಲ್ ನಡೆಸಿ, ತಿಳಿದವರನ್ನು ಕೇಳಿ, ಓದಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪರೇಲಿನಲ್ಲಿ ಇದು ಯಾಕೆ ದೊಡ್ಡ ಮಾತು

ಒಂದು ಕಾಲದಲ್ಲಿ ನಮ್ಮ ಕಡೆ ಗಿರಾಕಿ ಎಂದರೆ ಮಿಲ್ ಕಾರ್ಮಿಕ. ಗಟ್ಟಿಮುಟ್ಟಾದ ಆಳು, ಏನು ಕುಡಿದರೂ ಜೀರ್ಣಿಸುವ ಶರೀರ. 1982ರ ಮುಷ್ಕರದ ನಂತರ ಒಂದೊಂದಾಗಿ ಮಿಲ್‌ಗಳು ಮುಚ್ಚಿದವು, ಗಿರಣಗಾಂವ್ ಹೋಗಿ ಟವರುಗಳು ಬಂದವು. ಆದರೆ ಆಸ್ಪತ್ರೆಗಳು ಉಳಿದವು. ಕೆ.ಇ.ಎಂ. ಆಸ್ಪತ್ರೆ 1926ರದು, ಟಾಟಾ ಮೆಮೋರಿಯಲ್ 1941ರದು, ಪಕ್ಕದಲ್ಲೇ ವಾಡಿಯಾ ಮಕ್ಕಳ ಆಸ್ಪತ್ರೆ ಮತ್ತು ಹೆರಿಗೆ ಆಸ್ಪತ್ರೆ. ಇಂದು ನಮ್ಮ ಮೇಜಿನ ಮುಂದೆ ಕುಳಿತವನು ಬಿಹಾರದಿಂದಲೋ ಬಂಗಾಳದಿಂದಲೋ ನಮ್ಮ ಕರ್ನಾಟಕದಿಂದಲೋ ರೋಗಿಯನ್ನು ಕರೆತಂದವನು. ಎಷ್ಟೋ ಬಾರಿ ರೋಗಿಯೇ ಪಕ್ಕದಲ್ಲಿ ಕುಳಿತಿರುತ್ತಾನೆ. ಕೀಮೋಥೆರಪಿ ನಡೆಯುತ್ತಿರುವವರ ರಕ್ತದಲ್ಲಿ ಬಿಳಿಕಣ ಕಡಿಮೆಯಾಗಿ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ. ನಮಗೆ ನಿಮಗೆ ಎರಡು ದಿನದ ಹೊಟ್ಟೆನೋವಾಗಿ ಹೋಗುವ ಕ್ರಿಮಿ ಅವರ ಜೀವಕ್ಕೇ ಕುತ್ತಾಗಬಹುದು. ಗರ್ಭಿಣಿಯರಿಗೆ ಕಲುಷಿತ ನೀರಿನಿಂದ ಬರುವ ಇ-ಬಗೆಯ ಕಾಮಾಲೆ ಬಹಳ ಅಪಾಯ. ಹಾಗಾಗಿ ನೀರಿನ ವಿಚಾರದಲ್ಲಿ "ನಡೆಯುತ್ತದೆ ಬಿಡಿ" ಎನ್ನುವ ಹಾಗಿಲ್ಲ.

ನಲ್ಲಿಯ ನೀರು ಎಲ್ಲಿಂದ ಬರುತ್ತದೆ

ಮುಂಬಯಿಗೆ ಮೊದಲು ಕೊಳವೆ ನೀರು ಬಂದದ್ದು 1860ರಲ್ಲಿ, ವಿಹಾರ್ ಕೆರೆಯಿಂದ. ಅದಕ್ಕೂ ಮುಂಚೆ ಬಾವಿ ಮತ್ತು ಕೆರೆಗಳೇ ಗತಿ. ಪರೇಲ್ ಟ್ಯಾಂಕ್ ರೋಡ್ ಎಂಬ ಹೆಸರು ಇಂದಿಗೂ ಆ ಕಾಲವನ್ನು ನೆನಪಿಸುತ್ತದೆ. ಆಮೇಲೆ 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ, ಮುಂದೆ ಮೋಡಕ್ ಸಾಗರ, ಅಪ್ಪರ್ ವೈತರಣಾ, ಭಾತ್ಸಾ, ಮಿಡ್ಲ್ ವೈತರಣಾ ಹೀಗೆ ಒಟ್ಟು ಏಳು ಕೆರೆಗಳ ನೀರು ಸೇರಿತು. ಈ ನೀರನ್ನು ಭಾಂಡುಪ್ ಮತ್ತು ಪಾಂಜ್ರಾಪುರದಂತಹ ಕೇಂದ್ರಗಳಲ್ಲಿ ಸೋಸಿ, ಕ್ಲೋರಿನ್ ಹಾಕಿ, ಗುಡ್ಡದ ಮೇಲಿನ ಜಲಾಶಯಗಳಿಗೆ ಏರಿಸಿ ಅಲ್ಲಿಂದ ನಮ್ಮ ಬೀದಿಗೆ ಬಿಡುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಇದು ಮಳೆಯ ನೀರು. ಕಾಡಿನ ಗುಡ್ಡಗಳಿಂದ ಹರಿದು ಕೆರೆಯಲ್ಲಿ ನಿಂತ ನೀರು. ಭೂಮಿಯ ಆಳದಲ್ಲಿ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕುಳಿತು ಉಪ್ಪು, ಸುಣ್ಣ ಕರಗಿಸಿಕೊಂಡ ಬೋರ್‌ವೆಲ್ ನೀರಲ್ಲ. ಆದ್ದರಿಂದ ಇದರಲ್ಲಿ ಕರಗಿದ ಲವಣ ಮೊದಲೇ ಕಡಿಮೆ. ಲವಣದ ಈ ಒಟ್ಟು ಅಳತೆಗೇ ಟಿ.ಡಿ.ಎಸ್. ಎನ್ನುತ್ತಾರೆ. ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಎಂದು ಲೆಕ್ಕ. ಮುಂಬಯಿ ಪಾಲಿಕೆಯ ನೀರಿನಲ್ಲಿ ಇದು ಸಾಮಾನ್ಯವಾಗಿ ನೂರರ ಆಚೀಚೆ, ಹಲವು ಬಾರಿ ಅದಕ್ಕಿಂತಲೂ ಕಡಿಮೆ ಇರುತ್ತದೆ.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಐ.ಎಸ್. 10500 ಎಂಬ ಮಾನಕ ಇಟ್ಟಿದೆ. ಅದರ ಪ್ರಕಾರ ಟಿ.ಡಿ.ಎಸ್. 500ರವರೆಗೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 2000ದವರೆಗೂ ಬಿಡುತ್ತಾರೆ. 2019ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದೆಹಲಿ ಮತ್ತು ರಾಜ್ಯ ರಾಜಧಾನಿಗಳ ನಲ್ಲಿ ನೀರಿನ ಪರೀಕ್ಷೆಯ ವರದಿ ಪ್ರಕಟಿಸಿತು. ಅದರಲ್ಲಿ ಮುಂಬಯಿಯಿಂದ ತೆಗೆದ 10 ಮಾದರಿಗಳೂ ಎಲ್ಲ ಪರೀಕ್ಷೆಗಳಲ್ಲಿ ಪಾಸಾದವು. ಹಾಗೆ ಪಾಸಾದ ಊರು ಮುಂಬಯಿ ಒಂದೇ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ನಮ್ಮ ನಲ್ಲಿಯ ನೀರಿನ ಬೆಲೆ ನಮಗೇ ಗೊತ್ತಿಲ್ಲ.

ಹಾಗಾದರೆ ಕೆಡುವುದು ಎಲ್ಲಿ

ನೀರು ಜಲಾಶಯದಿಂದ ಹೊರಡುವಾಗ ಚೆನ್ನಾಗಿರುತ್ತದೆ. ಕೆಡುವುದು ದಾರಿಯಲ್ಲಿ ಮತ್ತು ನಮ್ಮ ಮನೆಯೊಳಗೆ. ನಮ್ಮಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ನೀರು ನಿಂತಾಗ ಕೊಳವೆ ಖಾಲಿಯಾಗಿ ಒಳಗೆ ಎಳೆತ ಉಂಟಾಗುತ್ತದೆ. ಹಳೆಯ ಕೊಳವೆಯಲ್ಲಿ ಬಿರುಕಿದ್ದು ಪಕ್ಕದಲ್ಲೇ ಗಟಾರ ಹರಿಯುತ್ತಿದ್ದರೆ ಆ ಕೊಳಕು ಒಳಗೆ ಸೇರುತ್ತದೆ. ಪಾಲಿಕೆಯ ಲೈನಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವವರಿಂದ ಈ ಎಳೆತ ಇನ್ನೂ ಜಾಸ್ತಿಯಾಗುತ್ತದೆ. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು ಕಡೆ, ನಮ್ಮ ನೆರೆಯವನ ನೀರಿಗೆ ನಾವೇ ಗಟಾರ ಬೆರೆಸಿದಂತೆ ಎಂಬುದು ಇನ್ನೊಂದು ಕಡೆ.

ಎರಡನೆಯದು ಟಾಂಕಿ. ಬಿಲ್ಡಿಂಗಿನ ನೆಲದಡಿಯ ಟಾಂಕಿಯ ಮುಚ್ಚಳ ಮುರಿದಿರುತ್ತದೆ, ಮೇಲಿನ ಟಾಂಕಿಗೆ ಪಾರಿವಾಳ ಬರುತ್ತದೆ. ಹೋಟೆಲಿನೊಳಗಿನ ಟಾಂಕಿಯ ತಳದಲ್ಲಿ ಎರಡು ಬೆರಳು ಕೆಸರು. ಇಷ್ಟಾದ ಮೇಲೆ ಸಪ್ಲೈಯರ್ ಹುಡುಗ ಕೈ ಬೆರಳು ಅದ್ದಿ ನಾಲ್ಕು ಲೋಟ ಒಟ್ಟಿಗೆ ಹಿಡಿದು ತರುತ್ತಾನೆ. ಇದಾವುದನ್ನೂ ಟಿ.ಡಿ.ಎಸ್. ಮೀಟರ್ ತೋರಿಸುವುದಿಲ್ಲ. ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಲವಣದ ಅಂದಾಜು ಸಿಗುತ್ತದೆ, ಕ್ರಿಮಿಯ ಸುದ್ದಿ ಸಿಗುವುದಿಲ್ಲ. ಟೈಫಾಯ್ಡ್ ಕ್ರಿಮಿ ಇರುವ ನೀರೂ ಮೀಟರಿನಲ್ಲಿ 80 ತೋರಿಸಬಹುದು, ಅತ್ಯಂತ ಶುದ್ಧ ಬಾವಿ ನೀರು 400 ತೋರಿಸಬಹುದು.

ಮಾರುವವನ ಕಣ್ಕಟ್ಟು

ಎಷ್ಟೋ ಮಾಲೀಕರು ಯಂತ್ರ ಖರೀದಿಸಿದ್ದು ಒಂದು ಆಟ ನೋಡಿ. ಮಾರುವವನು ಎರಡು ಲೋಟ ಇಡುತ್ತಾನೆ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಆರ್.ಒ. ನೀರು. ಎರಡಕ್ಕೂ ಲೋಹದ ಕಡ್ಡಿಗಳಿರುವ ಒಂದು ಯಂತ್ರ ಇಳಿಸಿ ಸ್ವಿಚ್ ಹಾಕುತ್ತಾನೆ. ಎರಡು ನಿಮಿಷದಲ್ಲಿ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಕೊಚ್ಚೆಯಂತಾಗುತ್ತದೆ. ಅವನ ನೀರು ಹಾಗೆಯೇ ಇರುತ್ತದೆ. "ನೋಡಿ ಸೇಟ್, ನೀವು ಗಿರಾಕಿಗೆ ಕುಡಿಸುತ್ತಿರುವುದು ಇದನ್ನು" ಎನ್ನುತ್ತಾನೆ. ನೋಡಿದವನ ಎದೆ ಧಸಕ್ಕೆನ್ನುತ್ತದೆ.

ಗುಟ್ಟು ಇಷ್ಟೇ. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಲವಣ ಇರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕು ಬಿಡುತ್ತದೆ. ಕಾಣುವ ಕೊಳೆ ಅವನ ಕಡ್ಡಿಯದು, ನಮ್ಮ ನೀರಿನದಲ್ಲ. ಆರ್.ಒ. ನೀರಿನಲ್ಲಿ ಲವಣವಿಲ್ಲ, ವಿದ್ಯುತ್ ಹರಿಯುವುದಿಲ್ಲ, ತುಕ್ಕು ಬರುವುದಿಲ್ಲ. ಬೇಕಾದರೆ ಅವನ ಆರ್.ಒ. ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಸ್ವಿಚ್ ಹಾಕಲು ಹೇಳಿ. ಅದೂ ಕೊಚ್ಚೆಯಾಗುತ್ತದೆ. ಹೀಗೆ ಹೇಳಿದ ಮೇಲೆ ಆತ ಬೇಗ ಪೆಟ್ಟಿಗೆ ಕಟ್ಟುತ್ತಾನೆ.

ಯಾವ ಯಂತ್ರ ಏನು ಮಾಡುತ್ತದೆ

ಯಂತ್ರದೊಳಗೆ ಹಲವು ಹಂತ ಇರುತ್ತದೆ. ಒಂದೊಂದರ ಕೆಲಸ ಬೇರೆ ಬೇರೆ.

ಮೊದಲನೆಯದು ಹತ್ತಿ ಅಥವಾ ನೂಲಿನಂತಹ ಕ್ಯಾಂಡಲ್. ಇದು ಮರಳು, ತುಕ್ಕು, ಕೆಸರು ತಡೆಯುತ್ತದೆ. ಕ್ರಿಮಿ ಕೊಲ್ಲುವುದಿಲ್ಲ.

ಎರಡನೆಯದು ಕಾರ್ಬನ್, ಅಂದರೆ ಇದ್ದಿಲು. ಕ್ಲೋರಿನ್ ವಾಸನೆ, ಬಣ್ಣ, ಕೆಟ್ಟ ರುಚಿ ತೆಗೆಯುತ್ತದೆ. ಆದರೆ ಕ್ಲೋರಿನ್ ಹೋದ ಮೇಲೆ ನೀರಿಗೆ ಕಾವಲು ಇರುವುದಿಲ್ಲ. ಆ ನೀರನ್ನು ದಿನಗಟ್ಟಲೆ ಇಟ್ಟರೆ ಕ್ರಿಮಿ ಬೆಳೆಯುತ್ತದೆ. ಇದನ್ನು ನೆನಪಿಡಿ.

ಮೂರನೆಯದು ಯು.ಎಫ್. ಬಹಳ ಸಣ್ಣ ತೂತುಗಳ ಪೊರೆ. ಕ್ರಿಮಿಗಳನ್ನು ತಡೆಯುತ್ತದೆ, ಲವಣವನ್ನು ಹೋಗಲು ಬಿಡುತ್ತದೆ.

ನಾಲ್ಕನೆಯದು ಯು.ವಿ. ಒಂದು ವಿಶೇಷ ಬೆಳಕಿನ ಟ್ಯೂಬ್. ಅದರ ಮುಂದೆ ಹರಿದ ನೀರಿನಲ್ಲಿ ಕ್ರಿಮಿಗಳು ಸಾಯುತ್ತವೆ. ಆದರೆ ನೀರು ತಿಳಿಯಾಗಿರಬೇಕು. ಕೆಸರಿದ್ದರೆ ಕ್ರಿಮಿ ಅದರ ನೆರಳಿನಲ್ಲಿ ಪಾರಾಗುತ್ತದೆ. ಟ್ಯೂಬ್ ಉರಿಯುತ್ತಿರುವಂತೆ ಕಂಡರೂ ಸುಮಾರು ಒಂದು ವರ್ಷದಲ್ಲಿ ಅದರ ಶಕ್ತಿ ಕುಂದುತ್ತದೆ, ಬದಲಿಸಬೇಕು.

ಐದನೆಯದು ಆರ್.ಒ. ಪಂಪಿನ ಒತ್ತಡದಿಂದ ನೀರನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ತಳ್ಳುತ್ತದೆ. ಲವಣ, ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಎಲ್ಲವನ್ನೂ ಬಹುಪಾಲು ತೆಗೆಯುತ್ತದೆ. ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಹೋಗುತ್ತದೆ. ಸಾಮಾನ್ಯ ಯಂತ್ರ ಒಂದು ಲೀಟರ್ ನೀರು ಕೊಡಲು ಎರಡು ಮೂರು ಲೀಟರ್ ಮೋರಿಗೆ ಬಿಡುತ್ತದೆ. ದಿನಕ್ಕೆ 300 ಲೀಟರ್ ಕುಡಿಯುವ ನೀರು ಬೇಕಾದ ಹೋಟೆಲಿನಲ್ಲಿ ಮೂರು ಪಾಲು ವ್ಯರ್ಥವಾದರೆ 900 ಲೀಟರ್ ದಿನವೂ ಮೋರಿಗೆ. ತಿಂಗಳಿಗೆ 27,000 ಲೀಟರ್. ನೀರಿಗಾಗಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಕಾಯುವ ಚಾಳಿನವರ ಪಕ್ಕದಲ್ಲಿ ಕುಳಿತು ಹೀಗೆ ಮಾಡುವುದು ಸರಿಯೇ, ಯೋಚಿಸಿ.

ಇದೇ ಕಾರಣಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ, ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವ ಕಡೆ ಆರ್.ಒ. ಬಳಕೆ ನಿಲ್ಲಿಸುವಂತೆ ನಿಯಮ ತರಲು ಸರಕಾರಕ್ಕೆ ಹೇಳಿತು. ಯಂತ್ರ ತಯಾರಕರು ಸುಪ್ರೀಂ ಕೋರ್ಟಿಗೆ ಹೋದರು. ಆಮೇಲೆ 2023ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ನೀರು ಶುದ್ಧ ಮಾಡುವ ಯಂತ್ರಗಳ ಬಗ್ಗೆ ನಿಯಮ ಪ್ರಕಟಿಸಿತು. ಕೋರ್ಟಿನ ಮಾತು ಏನೇ ಇರಲಿ, 80 ಟಿ.ಡಿ.ಎಸ್. ನೀರಿಗೆ ಆರ್.ಒ. ಹಾಕುವುದು ತೊಳೆದ ಅಕ್ಕಿಯನ್ನು ಮತ್ತೆ ಸೋಪು ಹಾಕಿ ತೊಳೆದಂತೆ.

ಖನಿಜ ಇಲ್ಲದ ನೀರು ವಿಷವೇ?

ಈಗ ಎರಡನೇ ಪ್ರಶ್ನೆ. ಆರ್.ಒ. ನೀರು ಕುಡಿದರೆ ಮೂಳೆ ಸವೆಯುತ್ತದೆ, ಹೃದಯ ಕೆಡುತ್ತದೆ ಎಂದು ಹೆದರಿಸುವವರು ಇದ್ದಾರೆ. ಇದರಲ್ಲಿ ನಿಜ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ರೋಮ್ ನಗರದಲ್ಲಿ ತಜ್ಞರ ಸಭೆ ಕರೆದು, 2005ರಲ್ಲಿ ಕುಡಿಯುವ ನೀರಿನ ಪೋಷಕಾಂಶಗಳ ಬಗ್ಗೆ ಒಂದು ಪುಸ್ತಕ ಹೊರತಂದಿತು. ಅದರಲ್ಲಿ ಜೆಕ್ ದೇಶದ ತಜ್ಞ ಕೋಜಿಶೆಕ್ ಅವರು ಖನಿಜ ಕಳೆದ ನೀರಿನ ಬಗ್ಗೆ ಬರೆದಿದ್ದಾರೆ. ನೀರಿನಲ್ಲಿ ಲೀಟರಿಗೆ ಕನಿಷ್ಠ 20 ಮಿಲಿಗ್ರಾಂ ಕ್ಯಾಲ್ಸಿಯಂ, 10 ಮಿಲಿಗ್ರಾಂ ಮೆಗ್ನೀಷಿಯಂ, ಒಟ್ಟು ಲವಣ 100 ಇದ್ದರೆ ಒಳ್ಳೆಯದು ಎಂದು ಅವರ ಸಲಹೆ. ತೀರಾ ಖನಿಜವಿಲ್ಲದ ನೀರಿನಲ್ಲಿ ಬೇಯಿಸಿದರೆ ತರಕಾರಿ, ಧಾನ್ಯಗಳಲ್ಲಿರುವ ಖನಿಜವೂ ನೀರಿಗೆ ಇಳಿದು ಹೋಗುತ್ತದೆ, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ 60 ಪ್ರತಿಶತದವರೆಗೂ ನಷ್ಟವಾಗಬಹುದು ಎಂದೂ ಹೇಳಿದ್ದಾರೆ. ಬೇಯಿಸಿದ ನೀರು ಬಸಿದು ಚೆಲ್ಲುವ ನಮ್ಮಂತಹವರಿಗೆ ಇದು ಮುಖ್ಯ ಮಾತು. ಇಂತಹ ನೀರಿಗೆ ಲೋಹ ಕರಗಿಸುವ ಗುಣವೂ ಹೆಚ್ಚು. ಹಿತ್ತಾಳೆ ನಲ್ಲಿ, ಹಳೆಯ ಕೊಳವೆಯಿಂದ ಲೋಹ ಬಿಡಿಸಿಕೊಂಡು ಬರುತ್ತದೆ.

ಇನ್ನೊಂದು ಬದಿಯೂ ಇದೆ. ಅದೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ನೀರಿನ ಮಾರ್ಗಸೂಚಿಯಲ್ಲಿ ಟಿ.ಡಿ.ಎಸ್.ಗೆ ಆರೋಗ್ಯದ ಲೆಕ್ಕದಲ್ಲಿ ಮೇಲಿನ ಮಿತಿಯನ್ನೂ ಇಟ್ಟಿಲ್ಲ, ಕೆಳಗಿನ ಮಿತಿಯನ್ನೂ ಇಟ್ಟಿಲ್ಲ. ಬಹಳ ಕಡಿಮೆ ಇದ್ದರೆ ನೀರು ಸಪ್ಪೆ ಎನಿಸುತ್ತದೆ ಎಂದಷ್ಟೇ ಹೇಳಿದೆ. ಯಾಕೆಂದರೆ ಖನಿಜ ನಮಗೆ ಮುಖ್ಯವಾಗಿ ಬರುವುದು ಊಟದಿಂದ.

ಒಂದು ಸಣ್ಣ ಲೆಕ್ಕ ಹಾಕೋಣ. ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಸಿಗುವುದು 40 ಮಿಲಿಗ್ರಾಂ. ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. 100 ಗ್ರಾಂ ರಾಗಿಯಲ್ಲಿ 340ಕ್ಕೂ ಹೆಚ್ಚು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000 ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಹಾಲು, ಮೊಸರು, ಬೇಳೆ, ಸೊಪ್ಪು ತಿನ್ನುವವನಿಗೆ ನೀರಿನ 40 ಹೋದರೆ ಆಕಾಶ ಬೀಳುವುದಿಲ್ಲ. ಆದರೆ ಎರಡು ಹೊತ್ತು ಚಹಾ ಬಿಸ್ಕತ್ತಿನಲ್ಲೇ ದಿನ ಕಳೆಯುವ ಬಡ ರೋಗಿಯ ಜೊತೆಗಾರನಿಗೆ ಆ ಅಷ್ಟೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಊರನ್ನೇ ನೆನೆಸಿಕೊಳ್ಳಿ. ಉಡುಪಿ, ಕುಂದಾಪುರ ಕಡೆಯ ಮುರಕಲ್ಲಿನ ಬಾವಿಯ ನೀರು ಬಹಳ ಮೆದು. ಸೋಪು ಹಾಕಿದರೆ ಜಾರುವುದೇ ನಿಲ್ಲುವುದಿಲ್ಲ. ಅದರಲ್ಲಿ ಸುಣ್ಣ, ಲವಣ ಕಡಿಮೆ. ನಮ್ಮ ಅಜ್ಜ ಅಜ್ಜಿಯರು ಅದನ್ನೇ ಕುಡಿದು ಗದ್ದೆ ಉತ್ತರು. ಕಡಿಮೆ ಖನಿಜದ ನೀರು ಎಂಬುದೇ ವಿಷ ಅಲ್ಲ. ಆದರೆ ದೇವರು ಕೊಟ್ಟಷ್ಟನ್ನು ದುಡ್ಡು ಕೊಟ್ಟು, ನೀರು ಚೆಲ್ಲಿ ತೆಗೆದುಹಾಕುವುದರಲ್ಲಿ ಲಾಭವೂ ಇಲ್ಲ.

ಬೆಂಕಿಯ ಮುಂದೆ ನಿಂತು ಬೆವರುವ ನಮ್ಮ ಭಟ್ಟರು, ದೋಸೆ ಮಾಡುವವರ ಬಗ್ಗೆ ಒಂದು ಮಾತು. ಅವರ ಬೆವರಿನಲ್ಲಿ ಹೋಗುವುದು ಉಪ್ಪು. ಅದು ಆರ್.ಒ. ನೀರಿನಲ್ಲೂ ಇಲ್ಲ, ಪಾಲಿಕೆಯ ನೀರಿನಲ್ಲೂ ಸಾಲುವಷ್ಟಿಲ್ಲ. ಬರೀ ನೀರು ಕುಡಿದು ಕುಡಿದು ತಲೆ ತಿರುಗುವುದು ಇದರಿಂದಲೇ. ಏಪ್ರಿಲ್, ಮೇ ತಿಂಗಳಲ್ಲಿ ಅಡುಗೆಮನೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಅಥವಾ ಗಂಜಿ ತಿಳಿ ಇಡಿ. ಇದಕ್ಕೆ ಯಾವ ಮಿನರಲ್ ಯಂತ್ರವೂ ಸಮ ಅಲ್ಲ. ರಕ್ತದೊತ್ತಡದವರಿಗೆ ಮಾತ್ರ ಉಪ್ಪು ಕಡಿಮೆ.

ಆರ್.ಒ. ಎಲ್ಲಿ ಬೇಕೇ ಬೇಕು

ಆರ್.ಒ. ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿ ಹಲ್ಲು ಹಳದಿಯಾಗಿ ಮೂಳೆ ಬಾಗಿದವರನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಫ್ಲೋರೈಡ್ ಅಪಾಯ. ಅಲ್ಲಿ ಹಳ್ಳಿ ಹಳ್ಳಿಯಲ್ಲಿ ಸರಕಾರ ಇಟ್ಟಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಆರ್.ಒ. ಘಟಕಗಳೇ. ನಮ್ಮ ಪಕ್ಕದ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಮಾಡುವಾಗ ಒಂದು ಬಾರಿಗೆ ಸುಮಾರು 120 ಲೀಟರ್ ನೀರು ರೋಗಿಯ ರಕ್ತದ ಎದುರು ಹರಿಯುತ್ತದೆ. ಅಲ್ಲಿ ಆರ್.ಒ. ಇಲ್ಲದೆ ಆಗುವುದೇ ಇಲ್ಲ.

ಮುಂಬಯಿಯಲ್ಲೂ ಟ್ಯಾಂಕರ್ ನೀರು ಅಥವಾ ಬೋರ್‌ವೆಲ್ ನೀರು ಬಳಸುವ ಹೋಟೆಲ್‌ಗಳಿವೆ. ಸಮುದ್ರದ ಹತ್ತಿರದ ಬಾವಿ ನೀರಿಗೆ ಉಪ್ಪಿನ ಒಗರು ಇರುತ್ತದೆ. ಮೀಟರ್ 500 ದಾಟಿ ತೋರಿಸಿದರೆ ಆರ್.ಒ. ಹಾಕಿಸಿ, ತಪ್ಪಿಲ್ಲ. ಆಗಲೂ ಅದನ್ನು 10ಕ್ಕೆ ಇಳಿಸಬೇಡಿ. ಯಂತ್ರದಲ್ಲಿ ಸ್ವಲ್ಪ ನೀರು ಬದಿಯಿಂದ ಬೆರೆಸುವ ತಿರುಪು ಇರುತ್ತದೆ. ಮೆಕ್ಯಾನಿಕ್‌ಗೆ ಹೇಳಿ 100ರಿಂದ 150ರ ನಡುವೆ ನಿಲ್ಲಿಸಿ. ಆದರೆ ಬದಿಯಿಂದ ಬರುವ ನೀರೂ ಯು.ವಿ. ಅಥವಾ ಯು.ಎಫ್. ದಾಟಿ ಬರಬೇಕು. ಇಲ್ಲದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಟ್ಟಂತೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಇದ್ದರೆ ಹೀಗೆ ಬೆರೆಸಲೇಬೇಡಿ. ಮೊದಲು ಪ್ರಯೋಗಶಾಲೆಯ ವರದಿ ನೋಡಿ.

ಪಾಲಿಕೆಯ ನೀರು ಬರುವ ಕಡೆ ಕ್ಯಾಂಡಲ್, ಕಾರ್ಬನ್ ಮತ್ತು ಯು.ವಿ. ಅಥವಾ ಯು.ಎಫ್. ಇರುವ ಯಂತ್ರ ಸಾಕು. ಬೆಲೆ ಕಡಿಮೆ, ನೀರು ವ್ಯರ್ಥವಿಲ್ಲ.

ಅಡುಗೆಯಲ್ಲಿ ನೀರಿನ ಆಟ

ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ನೀರಿನ ಕ್ಯಾಲ್ಸಿಯಂ ಬೇಳೆಯ ಸಿಪ್ಪೆ ತಿರುಳನ್ನು ಬಿಗಿಯಾಗಿ ಹಿಡಿಯುತ್ತದೆ. ಟ್ಯಾಂಕರ್ ನೀರು ಬಂದ ದಿನ ಸಾಂಬಾರಿನ ಬೇಳೆ ತಡವಾಗುವುದು, ಗ್ಯಾಸ್ ಹೆಚ್ಚು ಹೋಗುವುದು ಇದಕ್ಕೇ. ಇಡ್ಲಿ ಸ್ಟೀಮರಿನ ಬಾಯ್ಲರಿನಲ್ಲಿ ಬಿಳಿ ಗಾರೆ ಕಟ್ಟುವುದೂ ಇದಕ್ಕೇ. ಪಾಲಿಕೆಯ ನೀರಿನಲ್ಲಿ ಈ ತೊಂದರೆ ಅಷ್ಟಿಲ್ಲ. ಬಾಯ್ಲರಿಗೆ ಸಾಫ್ಟ್‌ನರ್ ಹಾಕಿದವರು ಆ ನೀರನ್ನು ಕುಡಿಯಲು ಕೊಡಬೇಡಿ. ಅದು ಸುಣ್ಣ ತೆಗೆದು ಬದಲಿಗೆ ಸೋಡಿಯಂ ಹಾಕುತ್ತದೆ.

ಕಾಫಿಗೆ ಬಂದರೆ ಕತೆ ಉಲ್ಟಾ. ತೀರಾ ಖನಿಜವಿಲ್ಲದ ನೀರಿನಲ್ಲಿ ಡಿಕಾಕ್ಷನ್ ಸಪ್ಪೆಯಾಗುತ್ತದೆ. ಪುಡಿಯ ರುಚಿ ಎಳೆದು ತರಲು ನೀರಿನಲ್ಲಿ ಸ್ವಲ್ಪ ಮೆಗ್ನೀಷಿಯಂ, ಕ್ಯಾಲ್ಸಿಯಂ ಬೇಕು. ಸ್ಪೆಷಾಲಿಟಿ ಕಾಫಿ ಸಂಘದವರು ಕಾಫಿಯ ನೀರಿಗೆ ಹಾಕಿಕೊಟ್ಟ ಅಳತೆ ಟಿ.ಡಿ.ಎಸ್. 150ರ ಸುತ್ತ, 75ರಿಂದ 250ರ ಒಳಗೆ. ಆರ್.ಒ. ಹಾಕಿದ ಮೇಲೆ ಕಾಫಿ ಮೊದಲಿನಂತಿಲ್ಲ ಎಂದು ಹಳೆಯ ಗಿರಾಕಿ ಹೇಳಿದರೆ ಪುಡಿಯವನನ್ನು ಬೈಯುವ ಮೊದಲು ನೀರನ್ನು ನೋಡಿ.

ಇನ್ನು ಮಾಡಬೇಕಾದ ಕೆಲಸ

ಯಂತ್ರಕ್ಕಿಂತ ಮುಂಚೆ ಟಾಂಕಿ. ಮೂರು ತಿಂಗಳಿಗೊಮ್ಮೆ ಟಾಂಕಿ ಖಾಲಿ ಮಾಡಿ, ತಿಕ್ಕಿ, ಕೆಸರು ತೆಗೆಯಿರಿ. ಆಮೇಲೆ ನೀರು ತುಂಬಿ 1000 ಲೀಟರಿಗೆ 150 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಕಲಸಿ ಇಡೀ ರಾತ್ರಿ ಬಿಡಿ, ರಜೆಯ ದಿನವಾದರೆ 24 ಗಂಟೆ. ಆ ನೀರು ಕುಡಿಯುವಂತಿಲ್ಲ, ಪೂರ್ತಿ ಚೆಲ್ಲಿ ತೊಳೆದು ಹೊಸ ನೀರು ತುಂಬಬೇಕು. ಮಳೆಗಾಲದಲ್ಲಿ ನೀರು ಕದಡಿ ಬಂದು ಕ್ಲೋರಿನ್ ವಾಸನೆಯೇ ಇಲ್ಲದಿದ್ದರೆ 1000 ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಒಂದು ಮಗ್ಗಿನಲ್ಲಿ ಕಲಸಿ, ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಎರಡು ಅಳತೆಗೂ ವ್ಯತ್ಯಾಸ ಬಹಳ. ಹುಡುಗರ ಕೈಗೆ ಬಿಡದೆ ನಿಂತು ಮಾಡಿಸಿ.

ನೀರಿನ ಪರೀಕ್ಷೆ ಮಾಡಿಸಿ. ಆಹಾರ ಪರವಾನಗಿಯ ತಪಾಸಣೆಯಲ್ಲಿ ಐ.ಎಸ್. 10500 ಪ್ರಕಾರ ಆರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮಾಡಿಸಿ ಕಾಗದ ಇಟ್ಟಿರಬೇಕು ಎಂದಿದೆ. ಬರೀ ಫೈಲಿಗಾಗಿ ಅಲ್ಲ, ವರದಿ ಓದಿ. ಮೊದಲು ನೋಡಬೇಕಾದದ್ದು ಇ. ಕೋಲಿ. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಮಾದರಿಯನ್ನು ಟಾಂಕಿಯಿಂದಲ್ಲ, ಗಿರಾಕಿಗೆ ಕೊಡುವ ಜಗ್ಗಿನಿಂದ ತೆಗೆಸಿ. ಸಣ್ಣ ಖರ್ಚಿನಲ್ಲಿ ಮನೆಯಲ್ಲೇ ನೋಡಲು 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಕಂಡುಹಿಡಿದ ಒಂದು ಬಾಟಲಿ ಪರೀಕ್ಷೆ ಇದೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ನೀರಿನಲ್ಲಿ ಮಲದ ಕ್ರಿಮಿ ಸೇರಿರುವ ಸಂಶಯ. ಆಗ ತಡ ಮಾಡದೆ ಪ್ರಯೋಗಶಾಲೆಗೆ ಕಳುಹಿಸಿ.

ಶುದ್ಧ ಮಾಡಿದ ನೀರನ್ನು ಅದೇ ದಿನ ಮುಗಿಸಿ. ರಾತ್ರಿ ಸ್ಟೀಲ್ ಟಾಂಕಿ ಖಾಲಿ ಮಾಡಿ ತೊಳೆದು ಬೋರಲು ಹಾಕಿ. ಕೂಲರಿನ ಒಳಗೂ ತೊಳೆಯಿರಿ. ಯು.ವಿ. ಟ್ಯೂಬ್, ಕ್ಯಾಂಡಲ್ ಬದಲಿಸಿದ ತಾರೀಕನ್ನು ಯಂತ್ರದ ಮೇಲೆಯೇ ಬರೆದಿಡಿ. ಐಸ್ ಮಾಡುವ ನೀರೂ ಕುಡಿಯುವ ನೀರೇ ಆಗಿರಬೇಕು. ಜಾರ್ ತರಿಸುವವರು ಸೀಲು ಮತ್ತು ಆಹಾರ ಪರವಾನಗಿ ಸಂಖ್ಯೆ ಇಲ್ಲದ ಜಾರ್ ತೆಗೆದುಕೊಳ್ಳಬೇಡಿ. ತಣ್ಣಗಿದೆ ಎಂದ ಮಾತ್ರಕ್ಕೆ ಶುದ್ಧ ಅಲ್ಲ.

ಕೊನೆಯದಾಗಿ, ಎಲ್ಲ ಯಂತ್ರಕ್ಕೂ ಹಿರಿಯಣ್ಣ ಒಲೆ. ಕೊತಕೊತ ಒಂದು ನಿಮಿಷ ಕುದಿದರೆ ರೋಗದ ಕ್ರಿಮಿಗಳು ಸಾಯುತ್ತವೆ. ಖನಿಜ ಬಹುಪಾಲು ಉಳಿಯುತ್ತದೆ, ಮೋರಿಗೆ ಒಂದು ಹನಿಯೂ ಹೋಗುವುದಿಲ್ಲ. ನಮ್ಮಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಬೆಂಕಿ ಉರಿಯುತ್ತಲೇ ಇರುತ್ತದೆ. ಆಸ್ಪತ್ರೆಯ ಹತ್ತಿರದ ಪ್ರತಿ ಹೋಟೆಲಿನಲ್ಲೂ ಒಂದು ಮುಚ್ಚಿದ ಪಾತ್ರೆಯಲ್ಲಿ ಕುದಿಸಿ ಆರಿಸಿದ ನೀರು ಇಟ್ಟು, "ರೋಗಿಗಳಿಗೆ ಕುದಿಸಿದ ನೀರು ಸಿಗುತ್ತದೆ" ಎಂದು ಮರಾಠಿ ಮತ್ತು ಹಿಂದಿಯಲ್ಲಿ ಒಂದು ಬೋರ್ಡ್ ಹಾಕಬೇಕು ಎಂಬುದು ನಮ್ಮ ಆಗ್ರಹದ ವಿನಂತಿ. ಅವರು ಬಾಟಲಿ ತಂದರೆ ತುಂಬಿ ಕೊಡಿ, ಗೊಣಗಬೇಡಿ. ಊರು ಬಿಟ್ಟು ಬಂದು ಫುಟ್‌ಪಾತಿನ ಮೇಲೆ ದಿನ ಎಣಿಸುವವರಿಗೆ ನಂಬಿ ಕುಡಿಯಬಹುದಾದ ಒಂದು ಬಾಟಲಿ ನೀರು ಸಣ್ಣ ವಸ್ತು ಅಲ್ಲ.

ಸಂಘದ ಮುಂದಿನ ಸಭೆಯಲ್ಲಿ ಸದಸ್ಯರ ನೀರಿನ ಮಾದರಿಗಳನ್ನು ಒಟ್ಟಾಗಿ ಪ್ರಯೋಗಶಾಲೆಗೆ ಕಳುಹಿಸುವ ಬಗ್ಗೆ ಚರ್ಚಿಸಬೇಕೆಂದು ಕೋರುತ್ತೇವೆ. ಹತ್ತು ಜನ ಸೇರಿದರೆ ಖರ್ಚೂ ಹಗುರ, ಕೆಲಸವೂ ಖಾತ್ರಿ. ಯಂತ್ರ ಕೊಳ್ಳುವವರು ಆ ವರದಿ ಕೈಗೆ ಬರುವವರೆಗೆ ತಡೆಯಿರಿ. ನೀರಿನಲ್ಲಿ ಏನಿದೆ ಎಂದು ತಿಳಿಯದೆ ಅದನ್ನು ತೆಗೆಯಲು ಹಣ ಕೊಡುವುದು ವ್ಯಾಪಾರಸ್ಥರ ಲಕ್ಷಣ ಅಲ್ಲ.